ಬಯೋಡೇಟಾದಲ್ಲಿ ಹೋಟೆಲಿನ ಗಲ್ಲಾಕ್ಕೂ ಜಾಗ ಇರಲಿ

ಹೋದ ತಿಂಗಳು ಒಂದು ಭಾನುವಾರ ಕಲ್ಯಾಣದಿಂದ ಒಬ್ಬ ಹುಡುಗ ಡೊಂಬಿವಲಿಯ ನಮ್ಮ ಮನೆಗೆ ಬಂದ. ಊರಿನ ಕಡೆಯ ಪರಿಚಯ. ಅವನ ತಂದೆಯದು ಕಲ್ಯಾಣ್ ಪೂರ್ವದಲ್ಲಿ ಸಣ್ಣದೊಂದು ಹೋಟೆಲ್. ಬಿ.ಎಸ್ಸಿ. ಐ.ಟಿ. ಮುಗಿಸಿ ಒಂದು ವರ್ಷವಾದರೂ ಕೆಲಸ ಸಿಕ್ಕಿರಲಿಲ್ಲ. "ಅಣ್ಣ, ಬಯೋಡೇಟಾ ಸ್ವಲ್ಪ ನೋಡಿ ಕೊಡಿ" ಎಂದು ಮೊಬೈಲ್ ಮುಂದೆ ಹಿಡಿದ.

ಮೂರು ಪುಟ ಇತ್ತು. ಮೇಲೆ ಫೋಟೊ, ಅದರ ಕೆಳಗೆ ‘ಆಬ್ಜೆಕ್ಟಿವ್’ ಎಂದು ನಾಲ್ಕು ಸಾಲು. ನಾನು ಹಾಸ್ಟೆಲಿನಲ್ಲಿದ್ದಾಗ ಕೈಯಿಂದ ಕೈಗೆ ದಾಟುತ್ತಿದ್ದ ಅದೇ ನಾಲ್ಕು ಸಾಲು ಇನ್ನೂ ಜೀವಂತವಾಗಿದೆ! ಕೊನೆಯಲ್ಲಿ ತಂದೆಯ ಹೆಸರು, ಧರ್ಮ, ಮದುವೆಯಾಗಿಲ್ಲ ಎಂಬ ವಿವರ, ಮೇಲಿನದೆಲ್ಲ ಸತ್ಯ ಎಂಬ ಪ್ರಮಾಣ. ಅದೆಲ್ಲ ಹೋಗಲಿ. ನಡುವಿನ ಒಂದು ಸಾಲು ನೋಡಿ ಬೆಚ್ಚಿದೆ. ಯಾವುದೋ ಕಂಪನಿಯಲ್ಲಿ ಸಾಫ್ಟ್‌ವೇರ್ ಡೆವಲಪರ್ ಆಗಿ ಎರಡು ವರ್ಷದ ಅನುಭವ. ಡಿಗ್ರಿ ಮುಗಿದೇ ಒಂದು ವರ್ಷ!

ಕೇಳಿದಾಗ ಬಾಯಿ ಬಿಟ್ಟ. ಕೋರ್ಸ್ ನಡೆಸುವ ಯಾರೋ ದುಡ್ಡಿಗೆ ಅನುಭವ ಪತ್ರ, ಸಂಬಳದ ಚೀಟಿ ಎಲ್ಲ ಮಾಡಿಕೊಡುತ್ತಾರಂತೆ. ಮುಂಗಡವೂ ಕೊಟ್ಟಾಗಿದೆ. "ಫ್ರೆಶರ್ ಅಂದ್ರೆ ಯಾರೂ ಕರೆಯೋದಿಲ್ಲ ಅಣ್ಣ" ಎಂದ. "ಹಾಗಾದರೆ ಈ ಒಂದು ವರ್ಷ ಏನು ಮಾಡಿದೆ?" ಎಂದು ಕೇಳಿದೆ. "ಏನೂ ಇಲ್ಲ. ಹೋಟೆಲಿನಲ್ಲೇ ಇದ್ದೆ."

ಆ ‘ಏನೂ ಇಲ್ಲ’ ನನ್ನನ್ನು ಕೊರೆಯಿತು. ಯಾಕೆಂದರೆ ಇದೇ ಮಾತನ್ನು ನಾನೂ ಹೇಳಿದ್ದೆ. ಬಿ.ಇ. ಆದ ಮೇಲೆ ಗೇಟ್ ಪರೀಕ್ಷೆಗೆ ಓದುತ್ತ ಒಂದು ವರ್ಷ ಥಾಣೆಯಲ್ಲಿ ನನ್ನ ಮಾವನ ಹೋಟೆಲಿನ ಗಲ್ಲಾದಲ್ಲಿ ಕುಳಿತಿದ್ದೆ. ಎಂ.ಟೆಕ್. ಮುಗಿಸಿ ಬಯೋಡೇಟಾ ಬರೆಯುವಾಗ ಆ ವರ್ಷವನ್ನು ನುಂಗಿದೆ. ಜಾಗ ಖಾಲಿ ಕಾಣಬಾರದೆಂದು, ಒಂದೇ ಒಂದು ಲ್ಯಾಬಿನಲ್ಲಿ ಮುಟ್ಟಿದ್ದ ಹಡೂಪ್ ಅನ್ನು ‘ಪರಿಣತಿ’ಯ ಪಟ್ಟಿಗೆ ಸೇರಿಸಿದೆ. ನವಿಮುಂಬಯಿಯ ಸಂದರ್ಶನವೊಂದರಲ್ಲಿ ಎದುರಿಗಿದ್ದವರು ತಣ್ಣಗೆ ಕೇಳಿದರು: "ನೇಮ್‌ನೋಡ್ ಕೆಟ್ಟು ನಿಂತರೆ ಏನಾಗುತ್ತದೆ?" ನೇಮ್‌ನೋಡಿಗೆ ಏನಾಗುತ್ತದೋ ಗೊತ್ತಿರಲಿಲ್ಲ, ನಾನಂತೂ ನಿಂತುಬಿಟ್ಟೆ. ಆಮೇಲೆ ಗೊತ್ತಿದ್ದ ಪ್ರಶ್ನೆಗಳಿಗೂ ನಾಲಿಗೆ ಏಳಲಿಲ್ಲ.

ಈಗ ನಾನು ಮೇಜಿನ ಆಚೆ ಬದಿ ಕುಳಿತು ಹೊಸಬರನ್ನು ಕೇಳುವವರಲ್ಲಿ ಒಬ್ಬ. ಸುಳ್ಳು ಅನುಭವ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದನ್ನು ಹುಡುಗನಿಗೆ ಬಿಡಿಸಿ ಹೇಳಿದೆ. ಸಂದರ್ಶನ ದಾಟಿದರೂ ಕಡತ ಪರಿಶೀಲನಾ ಏಜೆನ್ಸಿಯ ಕೈಗೆ ಹೋಗುತ್ತದೆ. 2014ರಲ್ಲಿ ಬಂದ ಯುಎಎನ್, ಅಂದರೆ ಭವಿಷ್ಯನಿಧಿಯ ಆ ಹನ್ನೆರಡು ಅಂಕಿಯ ನಂಬರಿನಲ್ಲಿ, ಯಾವ ಸಂಸ್ಥೆಗೆ ಯಾವ ದಿನ ಸೇರಿದೆ, ಯಾವ ದಿನ ಬಿಟ್ಟೆ ಎಂಬುದು ಕುಳಿತಿರುತ್ತದೆ. ಸಣ್ಣ ಕಂಪನಿ, ಪಿಎಫ್ ಇರಲಿಲ್ಲ ಎಂದರೆ ಸಂಬಳ ಜಮಾ ಆದ ಬ್ಯಾಂಕ್ ಪುಸ್ತಕ ಕೇಳುತ್ತಾರೆ, ಫಾರ್ಮ್ 16 ಕೇಳುತ್ತಾರೆ. ಕೆಲವು ಸಲ ವರದಿ ಬರುವಷ್ಟರಲ್ಲಿ ಹುಡುಗ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿರುತ್ತದೆ, ಮನೆಯಲ್ಲಿ ಪೇಡೆ ಹಂಚಿಯೂ ಆಗಿರುತ್ತದೆ. ಅಂಥ ಒಬ್ಬನನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಲ್ಯಾಪ್‌ಟಾಪ್ ವಾಪಸ್ ಪಡೆದು ಕಳುಹಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಗೆಂದು ತಪ್ಪೆಲ್ಲ ಹುಡುಗರದೇ ಎಂದರೆ ಅನ್ಯಾಯವಾದೀತು. ಹೊಸಬನೂ ಮೂರು ತಿಂಗಳಲ್ಲಿ ಕಲಿಯಬಹುದಾದ ಕೆಲಸಕ್ಕೆ ‘ಕನಿಷ್ಠ ಎರಡು ವರ್ಷ ಅನುಭವ’ ಎಂದು ಜಾಹೀರಾತು ಬರೆಯುವವರು ನಾವೇ. ಆ ಪತ್ರ ಮಾರುವವರ ಅಂಗಡಿಗೆ ಗಿರಾಕಿ ಕಳುಹಿಸುವವರೂ ಒಂದರ್ಥದಲ್ಲಿ ನಾವೇ.

ಆದರೆ ನನ್ನ ಮುಖ್ಯ ತಕರಾರು ನಮ್ಮ ನಾಚಿಕೆಯ ಬಗ್ಗೆ. ಮುಂಬಯಿಯ ನಮ್ಮ ಸಂಘಗಳ ಯಾವುದೇ ಸನ್ಮಾನ ಸಮಾರಂಭಕ್ಕೆ ಹೋಗಿ ನೋಡಿ. ‘ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು’ ಎಂಬ ಮಾತು ಬಂದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಅದು ಸುಳ್ಳಲ್ಲ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ನಡೆಸಿದ ರಾತ್ರಿ ಶಾಲೆಗಳಲ್ಲಿ ತಟ್ಟೆ ತೊಳೆದ ಕೈಗಳೇ ಪೆನ್ನು ಹಿಡಿದವು. ಎಪ್ಪತ್ತು ದಾಟಿದವರಿಗೆ ಇದು ಶಾಲು ಹೊದಿಸುವಂಥ ಸಂಗತಿ. ಇಪ್ಪತ್ತೆರಡರ ಹುಡುಗನಿಗೆ ಮಾತ್ರ ಅಳಿಸಿ ಹಾಕಬೇಕಾದ ಕಲೆ. ಇದನ್ನು ಅವನಿಗೆ ಕಲಿಸಿದವರು ಯಾರು?

"ಹೋಟೆಲಿನಲ್ಲಿ ಏನೇನು ಮಾಡುತ್ತಿದ್ದೆ, ಹೇಳು" ಎಂದೆ. ಹಾಲು, ತರಕಾರಿ, ಗ್ಯಾಸಿನವರ ಲೆಕ್ಕ. ಉಧಾರಿ ಪುಸ್ತಕ. ಆಮೇಲೆ ಇನ್ನೊಂದು, ಅದೂ ಸಂಕೋಚದಿಂದ: ಆ್ಯಪ್‌ಗಳ ಮೂಲಕ ಬರುವ ಆರ್ಡರುಗಳ ದುಡ್ಡು ವಾರಕ್ಕೊಮ್ಮೆ ಕಮಿಷನ್ ಕಳೆದು ಬ್ಯಾಂಕಿಗೆ ಬರುತ್ತದಲ್ಲ, ಅದನ್ನು ಅಡುಗೆಮನೆಯ ಬಿಲ್ಲುಗಳ ಜೊತೆ ತಾಳೆ ನೋಡಲು ಪೈಥಾನಿನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದಾನೆ. ಮೊದಲು ಅವನ ತಂದೆ ಶಟರ್ ಎಳೆದ ಮೇಲೆ ಎರಡು ಗಂಟೆ ಕುಳಿತು ಮಾಡುತ್ತಿದ್ದ ಕೆಲಸ ಈಗ ಹತ್ತು ನಿಮಿಷದ್ದು. ಇದು ಬಯೋಡೇಟಾದಲ್ಲಿ ಎಲ್ಲೂ ಇಲ್ಲ! ಬದಲಿಗೆ ಇದ್ದದ್ದು ‘ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಂ’. ಆ ಪ್ರಾಜೆಕ್ಟನ್ನು ನಾನು ಎಷ್ಟು ಬಯೋಡೇಟಾಗಳಲ್ಲಿ ಓದಿದ್ದೇನೋ ಲೆಕ್ಕವಿಲ್ಲ.

ಇಬ್ಬರೂ ಕುಳಿತು ಬರೆದೆವು. ಸುಳ್ಳು ಕಂಪನಿ ಹೋಯಿತು. ಫೋಟೊ, ಧರ್ಮ, ಪ್ರಮಾಣವಚನ, ಮನೆ ನಂಬರ್ ಸಹಿತ ವಿಳಾಸ ಹೋದವು. ‘ಕಲ್ಯಾಣ್ ಪೂರ್ವ’ ಎಂದಷ್ಟೇ ಸಾಕು. 2004ರಲ್ಲಿ ಥಾಣೆ–ವಾಶಿ ಹಳಿ ಬಂದ ಮೇಲೆ ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿ, ಘನ್ಸೋಲಿಗೆ ಹೋಗಬಹುದೆಂಬುದು ಇಲ್ಲಿನ ಎಚ್‌ಆರ್‌ನವರಿಗೆ ಗೊತ್ತೇ ಇರುತ್ತದೆ. ಎರಡು ಕಾಲಮ್ಮಿನ ಬಣ್ಣದ ವಿನ್ಯಾಸವನ್ನೂ ತೆಗೆಸಿದೆ. ಅರ್ಜಿಯನ್ನು ಮೊದಲು ಓದುವುದು ಹೆಚ್ಚಾಗಿ ಸಾಫ್ಟ್‌ವೇರ್, ಅದಕ್ಕೆ ಅಕ್ಕಪಕ್ಕದ ಕಾಲಮ್ಮುಗಳು ಕಲಸುಮೇಲೋಗರವಾಗಿ ಕಾಣುವುದುಂಟು. ಭಾಷೆಗಳ ಸಾಲಿನಲ್ಲಿ ಬರೀ ಇಂಗ್ಲಿಷ್, ಹಿಂದಿ ಇತ್ತು. ಕನ್ನಡ, ತುಳು, ಮರಾಠಿ ಸೇರಿಸಿದೆವು.

ಹೋಟೆಲಿನ ವರ್ಷಕ್ಕೆ ಏನು ಹೆಸರಿಡುವುದು? "‘ಆಪರೇಷನ್ಸ್ ಮ್ಯಾನೇಜರ್’ ಅಂತ ಹಾಕೋಣವಾ?" ಎಂದ. ಬೇಡ ಮಾರಾಯ ಎಂದೆ. ‘ಕುಟುಂಬದ ಹೋಟೆಲ್, ಲೆಕ್ಕಪತ್ರ ಮತ್ತು ಗಲ್ಲಾ’ ಎಂದು ಬರೆದೆವು. ಕೆಳಗೆ ಆ ಪ್ರೋಗ್ರಾಂ ಏನು ಮಾಡುತ್ತದೆ, ಎಷ್ಟು ಹೊತ್ತು ಉಳಿಸಿತು, ಕೋಡ್ ಎಲ್ಲಿ ನೋಡಬಹುದು ಎಂದು ಮೂರು ಸಾಲು. ಒಟ್ಟು ಒಂದು ಪುಟ. ಗಲ್ಲಾ ಎಂದು ಓದಿ ಮೂಗು ಮುರಿಯುವವರು ಇಲ್ಲವೆಂದಲ್ಲ, ಇದ್ದಾರೆ. ಆದರೆ ಆ ಪ್ರೋಗ್ರಾಂ ಬಗ್ಗೆ ಯಾರು ಎಷ್ಟು ಕೆದಕಿದರೂ ಹುಡುಗ ತಡವರಿಸುವುದಿಲ್ಲ, ಯಾಕೆಂದರೆ ಅದು ಅವನೇ ಮಾಡಿದ್ದು.

ಕೊಟ್ಟ ಮುಂಗಡ ವಾಪಸ್ ಬರಲಿಲ್ಲ. ಕೆಲಸವೂ ಇನ್ನೂ ಆಗಿಲ್ಲ. ಎರಡು ಕಡೆ ಕರೆದಿದ್ದಾರೆ, ಒಂದು ಮಹಾಪೆಯಲ್ಲಿ. ಮೊನ್ನೆ ಫೋನ್ ಮಾಡಿದಾಗ ಹೊಸ ಬಯೋಡೇಟಾವನ್ನು ತಂದೆಗೆ ಓದಿ ಹೇಳಿದ್ದನ್ನು ತಿಳಿಸಿದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರಂತೆ: "ಹೋಟೆಲಿನ ಫೋನ್ ನಂಬರ್ ಹಾಕಿದ್ದೀಯಾ? ಅವರು ವಿಚಾರಿಸಿದರೆ ನಾನೇ ಮಾತಾಡುತ್ತೇನೆ."