ಕೀಳಡಿ ಮಡಕೆಯಲ್ಲಿ ನ್ಯಾನೋ ಕೊಳವೆ: ವಯಸ್ಸು ಹೇಳುವವರು ಯಾರು?

ತಮಿಳುನಾಡಿನ ಶಿವಗಂಗೆ ಜಿಲ್ಲೆಯ ಕೀಳಡಿ ಉತ್ಖನನ ವಿವಾದದಿಂದ ಹೊರಬಂದಿಲ್ಲ. ಮೊದಲೆರಡು ಹಂತದ ಅಗೆತದ 982 ಪುಟಗಳ ವರದಿಯನ್ನು ಪುರಾತತ್ವಜ್ಞ ಅಮರನಾಥ ರಾಮಕೃಷ್ಣ 2023ರ ಜನವರಿಯಲ್ಲಿ ಸಲ್ಲಿಸಿದ್ದರು. ತಿದ್ದಿ ಕೊಡಿ ಎಂದು ಕೇಂದ್ರ ಪುರಾತತ್ವ ಇಲಾಖೆ 2025ರ ಮೇ ತಿಂಗಳಲ್ಲಿ ಕೇಳಿತು. ವರದಿ ಸರಿಯಾಗಿಯೇ ಇದೆ ಎಂದು ಅವರು ಉತ್ತರಿಸಿದರು. ಜಗಳದ ಮೂಲ ಕಾಲನಿರ್ಣಯ.

ಈ ಗದ್ದಲದ ನಡುವೆ, '2,600 ವರ್ಷದ ಹಿಂದೆಯೇ ನಮ್ಮ ಕುಂಬಾರರಿಗೆ ನ್ಯಾನೋ ತಂತ್ರಜ್ಞಾನ ಗೊತ್ತಿತ್ತು' ಎಂಬ ಮಾತೂ ಹರಿದಾಡುತ್ತಿದೆ. ಇದರಲ್ಲಿ ನಿಜವೆಷ್ಟು?

ಕೀಳಡಿ ಮಡಕೆ ಚೂರುಗಳ ಕಪ್ಪು ಲೇಪದಲ್ಲಿ ಇಂಗಾಲದ ನ್ಯಾನೋ ಕೊಳವೆಗಳಿವೆ ಎಂದು ವೆಲ್ಲೂರಿನ ವಿಐಟಿಯ ಸಂಶೋಧಕರು 2020ರ ನವೆಂಬರ್‌ನಲ್ಲಿ 'ಸೈಂಟಿಫಿಕ್ ರಿಪೋರ್ಟ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು ನಿಜ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಮೀಟರ್. ಬೆಳಕಿನಿಂದ ನೋಡುವ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಸುಮಾರು 200 ನ್ಯಾನೋಮೀಟರ್‌ಗಿಂತ ಚಿಕ್ಕದು ಮಸುಕಾಗುತ್ತದೆ. ಅದಕ್ಕೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ತೀರಾ ತೆಳುವಾದ ಮಾದರಿಯ ಮೂಲಕ ಎಲೆಕ್ಟ್ರಾನ್‌ಗಳನ್ನು ಹಾಯಿಸಿದಾಗ ಇಂಗಾಲದ ಪದರಗಳು ಗೆರೆಗಳಾಗಿ ಕಾಣುತ್ತವೆ. ಎರಡು ಪದರಗಳ ನಡುವಿನ ಅಂತರ ಸುಮಾರು 0.34 ನ್ಯಾನೋಮೀಟರ್. ಎರಡು ಬದಿಗೂ ಗೆರೆ, ನಡುವೆ ಟೊಳ್ಳು ಕಂಡರೆ ಕೊಳವೆ ಎನ್ನಬಹುದು. 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇಂಥ ಕೊಳವೆಗಳತ್ತ ಜಗತ್ತಿನ ಗಮನ ಸೆಳೆದದ್ದೂ ಇದೇ ಉಪಕರಣದಿಂದ. ಆದರೆ ಮಡಿಸಿದ ಹಾಳೆಯ ಅಂಚೂ ಗೆರೆಯಾಗಿಯೇ ಕಾಣುತ್ತದೆ. ಹಾಗಾಗಿ ಚಿತ್ರವೊಂದೇ ಸಾಲದು, ರಾಮನ್ ರೋಹಿತದಂಥ ಬೇರೆ ಪರೀಕ್ಷೆಯೂ ಬೇಕು. ವಿಐಟಿಯವರು ಅದನ್ನೂ ಮಾಡಿದ್ದಾರೆ.

ಆದರೆ ಸೂಕ್ಷ್ಮದರ್ಶಕ ರಚನೆ ಹೇಳುತ್ತದೆ, ವಯಸ್ಸು ಹೇಳುವುದಿಲ್ಲ. ವಯಸ್ಸು ಸಿಗುವುದು ಮಣ್ಣಿನ ಪದರದಿಂದ. 2018ರ ರಾಜ್ಯ ಇಲಾಖೆಯ ಅಗೆತದಲ್ಲಿ 353 ಸೆಂಟಿಮೀಟರ್ ಆಳದಲ್ಲಿ ಸಿಕ್ಕ ಇಂಗಾಲದ ಮಾದರಿಯನ್ನು ಅಮೆರಿಕದ ಪ್ರಯೋಗಾಲಯ ಕ್ರಿ.ಪೂ. 580ರದ್ದೆಂದಿತು. ಚೂರುಗಳ ಪ್ರಾಚೀನತೆ ನಿಂತಿರುವುದು ಇಂಥ ಲೆಕ್ಕದ ಮೇಲೆ. ಪದರದ ಕಾಲ ಬದಲಾದರೆ ಕೊಳವೆಯ ವಯಸ್ಸೂ ಬದಲಾಗುತ್ತದೆ. ವರದಿಯ ಜಗಳ ಪಂಡಿತರ ಜಗಳವಷ್ಟೇ ಅಲ್ಲ ಎನ್ನುವುದು ಇದಕ್ಕೇ.

ಇನ್ನು 'ಗೊತ್ತಿತ್ತು' ಎಂಬ ಮಾತು. ಲೇಪಕ್ಕೆ ಸಸ್ಯರಸ ಬಳಸಿರಬಹುದು, ಆವಿಗೆಯ ಬಿಸಿಯಲ್ಲಿ ಕೊಳವೆಗಳು ತಾವಾಗಿ ಮೂಡಿರಬಹುದು ಎಂಬುದು ಸಂಶೋಧಕರ ಅಂದಾಜು. ಕುಂಬಾರನ ಕಣ್ಣಿಗೆ ಕಂಡದ್ದು ಬಣ್ಣ, ಹೊಳಪು, ಬಾಳಿಕೆ ಮಾತ್ರ. ಅಷ್ಟು ಕಾಲ ಉದುರದ ಲೇಪ ಕೊಟ್ಟ ಆ ಕೈಕಸುಬೇ ದೊಡ್ಡದು. ಅದಕ್ಕೆ ನ್ಯಾನೋ ಎಂಬ ಬಿರುದಿನ ಹಂಗಿಲ್ಲ.

ಹೆಮ್ಮೆಪಡೋಣ. ಆದರೆ ವರದಿ, ಚೂರು ಎರಡೂ ಬೇರೆ ತಜ್ಞರ ಪರೀಕ್ಷೆಗೆ ಸಿಗಲಿ. ದೆಹಲಿಯಾಗಲಿ ಚೆನ್ನೈಯಾಗಲಿ, ತೀರ್ಪು ಕೊಡಬೇಕಾದ್ದು ಸಾಕ್ಷ್ಯ.