ಕೈಗುಣ ಅಲ್ಲ ಕಣ್ರೇ, ಕುಂಡದ ತಳ ನೋಡಿ

"ಅವಳ ಕೈಗೆ ಗಿಡ ಹತ್ತಲ್ಲ." ಮಳೆಗಾಲ ಬಂತು ಅಂದ್ರೆ ನಮ್ಮ ನವುಲೆಯಲ್ಲಿ ಯಾರದಾದ್ರೂ ಮನೇಲಿ ಈ ಮಾತು ಕೇಳುತ್ತೆ. ಗೃಹಪ್ರವೇಶಕ್ಕೆ ಉಡುಗೊರೆ ಬಂದ ಪೀಸ್ ಲಿಲ್ಲಿ ಹಳದಿಯಾಗಿ ಮಲಗಿದ್ರೆ ತಪ್ಪೆಲ್ಲಾ ಸೊಸೆಯದ್ದು. ಅತ್ತೆ ಅಂತಾರೆ, ನಾದಿನಿ ಅಂತಾಳೆ, ಕೊನೆಗೆ ಆ ಹುಡುಗೀನೂ "ನಂಗೆ ಕೈಗುಣ ಇಲ್ಲ ಬಿಡಿ" ಅಂತ ಒಪ್ಪಿಕೊಂಡು ಬಿಡ್ತಾಳೆ. ನಂಗೆ ಸಿಟ್ಟು ಬರೋದು ಇಲ್ಲೇ.

ಅತ್ತಿಗೆಯರೇ, ಬೈಯೋ ಮುಂಚೆ ಆ ಕುಂಡ ಎತ್ತಿ ತಳ ನೋಡಿ. ಚೆಂದದ ಬಿಳಿ ಪಿಂಗಾಣಿ, ಒಂದು ತೂತಿಲ್ಲ! ಹಾಕಿದ ನೀರು ಹೋಗೋದೆಲ್ಲಿಗೆ? ತಳದಲ್ಲೇ ನಿಂತು ಬೇರಿಗೆ ಗಾಳಿ ಸಿಗದ ಹಾಗೆ ಮಾಡಿ ಕೊಳೆಸುತ್ತೆ. ಅಂಥ ಕುಂಡ ಕೊಟ್ಟವರಿಗೆ ಯಾರೂ ಏನೂ ಅನ್ನಲ್ಲ.

ಇನ್ನೊಂದು, ನಮ್ಮ ಚೊಂಬಿನ ಅಭ್ಯಾಸ. ಬೆಳಿಗ್ಗೆ ತುಳಸಿಗೆ ಹಾಕಿ ಉಳಿದ ನೀರು ಒಳಗಿನ ಲಿಲ್ಲಿಗೆ. ತುಳಸಿ ಇರೋದು ಅಂಗಳದ ಬಿಸಿಲಲ್ಲಿ, ಇದು ಟಿವಿ ಪಕ್ಕದ ನೆರಳಲ್ಲಿ. ಏಪ್ರಿಲ್‌ನಲ್ಲಿ ಎರಡು ಮೂರು ದಿನಕ್ಕೆ ಒಣಗೋ ಮಣ್ಣು, ಜುಲೈನಲ್ಲಿ ಒಗೆದ ಬಟ್ಟೆನೇ ಒಣಗದಿದ್ದಾಗ ವಾರ ಕಳೆದ್ರೂ ಹಸಿಯಾಗೇ ಇರುತ್ತೆ. ಗಡಿಯಾರ ನೋಡಿ ನೀರು ಹಾಕಿದ್ರೆ ಗಿಡ ಉಳಿಯುತ್ತಾ?

"ಎಲೆ ಜೋತು ಬಿತ್ತು, ಅದ್ಕೆ ನೀರು ಹಾಕ್ದೆ" ಅಂತೀರಿ. ಬಾಯಾರಿದ್ರೂ ಜೋತು ಬೀಳುತ್ತೆ, ಬೇರು ಕೊಳೆತ್ರೂ ಜೋತು ಬೀಳುತ್ತೆ. ಕುಂಡ ಹಗುರ, ಮಣ್ಣು ಒಣ ಇದ್ರೆ ಬಾಯಾರಿಕೆ. ನೀರು ಕೊಟ್ಟ ಕೆಲವೇ ಗಂಟೇಲಿ ಎದ್ದು ನಿಲ್ಲುತ್ತೆ. ಮಣ್ಣು ಹಸಿ ಇದ್ದೂ ಜೋತು ಬಿದ್ದಿದ್ರೆ ಬೇರಿಗೆ ಕಷ್ಟ ಬಂದಿದೆ ಅಂತ. ಆಗ ಗಿಡ ಹೊರಗೆ ತೆಗೆದು, ಕಂದಾಗಿ ಮೆತ್ತಗಾದ ಬೇರು ಕತ್ತರಿಸಿ, ತೂತಿರೋ ಕುಂಡದಲ್ಲಿ ಕೆಂಪು ಮಣ್ಣು, ಕೋಕೋಪೀಟ್, ಗೊಬ್ಬರ, ಸ್ವಲ್ಪ ದಪ್ಪ ಮರಳು ಬೆರೆಸಿ ನೆಡಿ. ಬರೀ ಕೆಂಪು ಮಣ್ಣು ಹಾಕಿದ್ರೆ ಗಟ್ಟಿ ಕಟ್ಟುತ್ತೆ. ಪಿಂಗಾಣಿ ಬೇಕೇ ಬೇಕು ಅಂದ್ರೆ ಈ ಕುಂಡವನ್ನ ಅದರೊಳಗಿಡಿ, ನಿಂತ ನೀರು ಚೆಲ್ಲುತ್ತಾ ಇರಿ.

"ಗಾಳಿ ಶುದ್ಧ ಮಾಡುತ್ತೆ" ಅಂತ ಹೆಚ್ಚು ದುಡ್ಡು ಕೀಳೋರ ಮಾತೂ ನಂಬಬೇಡಿ. 1989ರಲ್ಲಿ ನಾಸಾದವರು ಪರೀಕ್ಷೆ ಮಾಡಿದ್ದು ಗಾಳಿಯಾಡದ ಹಾಗೆ ಮುಚ್ಚಿದ ಪೆಟ್ಟಿಗೇಲಿ. 2019ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಇಂಥ ಹಳೇ ಪರೀಕ್ಷೆಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದ್ರು. ಕಟ್ಟಡದಲ್ಲಿ ಮಾಮೂಲಿ ಗಾಳಿ ಓಡಾಡಿ ಆಗೋವಷ್ಟು ಶುದ್ಧಿ ಗಿಡದಿಂದಲೇ ಆಗಬೇಕಂದ್ರೆ ಒಂದು ಚದರ ಮೀಟರ್‌ಗೆ 10ರಿಂದ 1000 ಗಿಡ ಬೇಕಂತೆ! ಮನುಷ್ಯರು ಮಲಗೋದೆಲ್ಲಿ? ಕಿಟಕಿ ತೆಗೀರಿ, ಸಾಕು.

ಆ ಕಿಟಕಿ ಹತ್ತಿರವೇ ಗಿಡ ಇಡಿ, ನೇರ ಬಿಸಿಲು ಬೀಳದ ಹಾಗೆ. ಕತ್ತಲೆ ಮೂಲೇಲಿ ಬದುಕುತ್ತೆ, ಆದ್ರೆ ಹೂ ಬಿಡಲ್ಲ. ಬಿಳಿ ಹೂ ಹಸಿರಾದ್ರೂ ಸೊಸೇನ ಬೈಬೇಡಿ. ನಾವು ಹೂ ಅನ್ನೋದು ನಿಜವಾಗಿ ಒಂದು ಎಲೆ. ವಯಸ್ಸಾದ ಮೇಲೆ ಹಸಿರಾಗುತ್ತೆ. ದಂಟನ್ನ ಬುಡದಲ್ಲಿ ಕತ್ತರಿಸಿ.

ಹೆಸರಿಗೆ ಲಿಲ್ಲಿ, ಆದ್ರೆ ಇದು ನಮ್ಮ ಪತ್ರೊಡೆ ಕೆಸುವಿನ ಕುಟುಂಬ. ಬೇಯದ ಕೆಸು ತಿಂದ್ರೆ ಗಂಟಲು ಕೆರೆಯೋದು ಯಾವ ಸೂಜಿಯಂಥ ಹರಳಿಂದಲೋ, ಅದೇ ಇದರ ಎಲೇಲೂ ಇದೆ. ಅಂಬೆಗಾಲಿಡೋ ಮಗು, ಬೆಕ್ಕು ಇದ್ರೆ ಎತ್ತರದಲ್ಲಿಡಿ. ಹಾಗಂತ ಕೆಸು ಚರಂಡಿ ಪಕ್ಕ ಬೆಳೆಯುತ್ತಲ್ಲ ಅಂತ ಇದನ್ನ ನೀರಲ್ಲಿ ನಿಲ್ಲಿಸಬೇಡಿ.

"ನಮ್ಮಜ್ಜಿ ನೆಟ್ಟಿದ್ದೆಲ್ಲಾ ಚಿಗುರ್ತಿತ್ತು, ಅದು ಕೈಗುಣ ಅಲ್ವಾ?" ಅಂತ ಕೇಳೋರಿದ್ದಾರೆ. ಅಜ್ಜಿ ನೆಟ್ಟಿದ್ದು ಹಿತ್ತಲಲ್ಲಿ, ಹೆಚ್ಚಾದ ನೀರು ಇಳಿದು ಹೋಗೋ ನೆಲದಲ್ಲಿ. ನೀರು ಹಾಕೋ ಮುಂಚೆ ಮಣ್ಣು ಮುಟ್ಟಿ ನೋಡೋಳು. ಆ ಮುಟ್ಟಿ ನೋಡೋದನ್ನೇ ನಾವು ಕೈಗುಣ ಅಂತ ಕರೆದ್ವಿ. ಅದು ಹುಟ್ಟಿಂದ ಬರೋದಲ್ಲ, ಯಾರು ಬೇಕಾದ್ರೂ ಕಲೀಬಹುದು. ಬೆರಳನ್ನ ಎರಡು ಗೆಣ್ಣು ಮಣ್ಣಿಗೆ ಇಳಿಸಿ: ತಣ್ಣಗೆ ಅಂಟಿದ್ರೆ ನೀರು ಬೇಡ, ಒಣಗಿದ್ರೆ ತಳದ ತೂತಿಂದ ಇಳಿಯೋವರೆಗೆ ಹಾಕಿ.

ಕೃಷಿ ಕಾಲೇಜನ್ನೇ ಪಕ್ಕದಲ್ಲಿಟ್ಟುಕೊಂಡಿರೋ ನವುಲೆಯವರು ನಾವು. ಇನ್ನಾದ್ರೂ ಗಿಡ ಬಾಡಿದ್ರೆ ಹೆಣ್ಣುಮಕ್ಕಳ ಕೈ ನೋಡೋದು ಬಿಡೋಣ. ಮುಂದಿನ ಗೃಹಪ್ರವೇಶಕ್ಕೆ ಗಿಡ ಕೊಡ್ತೀರಾ? ತೂತಿರೋ ಕುಂಡದಲ್ಲೇ ಕೊಡಿ, ಮಾರಾಯ್ತಿ.