ಮಣ್ಣಿನ ಸವಕಳಿಯೂ ಲೆಕ್ಕಕ್ಕೆ ಬರಲಿ
ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಮಿತ ಉಳುಮೆ: ಒಂದು ಆರ್ಥಿಕ ನೋಟ

ಯಾವುದೇ ಉದ್ಯಮದ ವಾರ್ಷಿಕ ಲೆಕ್ಕಪತ್ರದಲ್ಲಿ ಯಂತ್ರೋಪಕರಣಗಳ ಸವಕಳಿಯನ್ನು ಖರ್ಚೆಂದು ಕಳೆದ ನಂತರವೇ ಲಾಭವನ್ನು ನಿರ್ಧರಿಸಲಾಗುತ್ತದೆ. ಸವಕಳಿಯನ್ನು ಬಿಟ್ಟು ಲಾಭ ತೋರಿಸಿದ ಸಂಸ್ಥೆಯು ತನ್ನ ಮೂಲ ಬಂಡವಾಳವನ್ನೇ ಆದಾಯವೆಂದು ಭ್ರಮಿಸಿ ಖರ್ಚು ಮಾಡುತ್ತಿದೆ ಎಂದೇ ಅರ್ಥ. ಆದರೆ ಒಕ್ಕಲುತನದ ಮೂಲ ಯಂತ್ರವಾದ ಮಣ್ಣಿಗೆ ಈ ನಿಯಮ ಇಂದಿಗೂ ಅನ್ವಯವಾಗಿಲ್ಲ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲವಾದ್ದರಿಂದ ಲೆಕ್ಕಪುಸ್ತಕ ಇಡಬೇಕೆಂಬ ಒತ್ತಾಯವೂ ರೈತನ ಮೇಲಿಲ್ಲ. ಆಸ್ತಿಯ ಮೌಲ್ಯ ಕುಗ್ಗುವುದಕ್ಕೂ ಹೊಲದ ಮಣ್ಣು ಕೊಚ್ಚಿ ಹೋಗುವುದಕ್ಕೂ ಕನ್ನಡದಲ್ಲಿ ‘ಸವಕಳಿ’ ಎಂಬ ಒಂದೇ ಪದವಿದೆ. ಭಾಷೆ ಕಂಡುಕೊಂಡ ಈ ಸಂಬಂಧವನ್ನು ಬ್ಯಾಂಕುಗಳಾಗಲಿ, ವಿಮಾ ಸಂಸ್ಥೆಗಳಾಗಲಿ, ಕೃಷಿ ಉತ್ಪನ್ನವನ್ನೇ ಅವಲಂಬಿಸಿರುವ ವರ್ತಕ ಸಮುದಾಯವಾಗಲಿ ಇನ್ನೂ ಗುರುತಿಸಿಲ್ಲ.

ಈ ಮಾತು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳಿಗೆ ಅನ್ವಯಿಸುವಷ್ಟು ಬೇರೆಡೆಗೆ ಅನ್ವಯಿಸಲಾರದು. ಶೇಂಗಾ ಎಣ್ಣೆಯ ಗಿರಣಿಗಳಿಂದಾಗಿ ಚಳ್ಳಕೆರೆಗೆ ‘ಎಣ್ಣೆ ನಗರ’ವೆಂಬ ಹೆಸರು ಬಂದಿತು. ಇಂದು ಅವುಗಳಲ್ಲಿ ಹಲವು ಬಾಗಿಲು ಮುಚ್ಚಿವೆ. ಇದಕ್ಕೆ ಅಗ್ಗದ ಆಮದು ಎಣ್ಣೆಯೂ ಒಂದು ಕಾರಣವೆಂಬುದು ನಿರ್ವಿವಾದ. ಆದರೆ ಗಿರಣಿಗೆ ಬರಬೇಕಾದ ಕಾಯಿಯೇ ಹೊಲದಲ್ಲಿ ಕಡಿಮೆಯಾದರೆ ಯಾವ ಆಮದು ಸುಂಕವೂ ಗಿರಣಿಯನ್ನು ಉಳಿಸಲಾರದು. ಆದ್ದರಿಂದ ಮಣ್ಣಿನ ಆರೋಗ್ಯವು ಕೃಷಿ ಇಲಾಖೆಯೊಂದರ ಹೊಣೆಯಲ್ಲ. ಅದು ಪೇಟೆಯ ಕಚ್ಚಾ ಸಾಮಗ್ರಿಯ ಪ್ರಶ್ನೆ.

ಸವಕಳಿಯ ಗಣಿತ

ಚಳ್ಳಕೆರೆಯ ವಾರ್ಷಿಕ ಸರಾಸರಿ ಮಳೆ 500 ಮಿಲಿಮೀಟರಿಗೂ ಕಡಿಮೆ. ಅದೂ ಕೆಲವೇ ದಿನಗಳಲ್ಲಿ ರಭಸದಿಂದ ಸುರಿದು ಹೋಗುವಂಥದು. ಒಂದು ಎಕರೆಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 80,000 ಲೀಟರ್ ನೀರು, ಅಂದರೆ 5,000 ಲೀಟರಿನ 16 ಟ್ಯಾಂಕರುಗಳಷ್ಟು. ಈ ನೀರು ಹೊಲದಲ್ಲಿ ಇಂಗುವುದೋ ಹಳ್ಳ ಸೇರುವುದೋ ಎಂಬುದರ ಮೇಲೆ ಬೆಳೆಯ ಭವಿಷ್ಯ ನಿಂತಿದೆ.

ಹರಿದು ಹೋಗುವ ನೀರು ಬರಿಗೈಯಲ್ಲಿ ಹೋಗುವುದಿಲ್ಲ. ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ದಪ್ಪದ ಮಣ್ಣು ಕೊಚ್ಚಿ ಹೋದರೂ ಅದರ ತೂಕ ಸುಮಾರು 6 ಟನ್. ಹೋಗುವುದು ಮೇಲ್ಪದರದ ಅತ್ಯಂತ ಫಲವತ್ತಾದ ಭಾಗ. ಅದೇ ಮಣ್ಣು ಕೆರೆಯ ತಳದಲ್ಲಿ ಗೋಡಾಗಿ ಕೂರುತ್ತದೆ. ಬೇಸಿಗೆಯಲ್ಲಿ ರೈತನು ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಆ ಕೆರೆಗೋಡನ್ನು ಲೋಡುಗಟ್ಟಲೆ ಹೊಲಕ್ಕೆ ಹೊಡೆಸುತ್ತಾನೆ. ತನ್ನದೇ ಸ್ವತ್ತನ್ನು ಹಣ ಕೊಟ್ಟು ಮರಳಿ ಪಡೆಯುವ ಈ ವ್ಯವಹಾರವೇ ಮಣ್ಣಿನ ಸವಕಳಿಯ ನಗದು ಮೌಲ್ಯ. ಹಾಗಿದ್ದರೂ ಅದು ಯಾರ ಪುಸ್ತಕದಲ್ಲೂ ದಾಖಲಾಗುವುದಿಲ್ಲ.

ಮಿತ ಉಳುಮೆ ಎಂದರೇನು?

ಹವಾಮಾನ ಬದಲಾವಣೆಗೆ ಹೊಂದಿಕೊಳ್ಳುವ ಬೇಸಾಯಕ್ಕೆ ತಜ್ಞರು ಮೂರು ಸೂತ್ರಗಳನ್ನು ಹೇಳುತ್ತಾರೆ. ಮಣ್ಣನ್ನು ಆದಷ್ಟು ಕಡಿಮೆ ಕದಡಬೇಕು. ನೆಲವನ್ನು ಬೆಳೆಯಿಂದಲೋ ಬೆಳೆಯ ಉಳಿಕೆಯಿಂದಲೋ ಸದಾ ಮುಚ್ಚಿಡಬೇಕು. ಒಂದೇ ಬೆಳೆಯನ್ನು ನೆಚ್ಚದೆ ಬೆಳೆಗಳನ್ನು ಬದಲಾಯಿಸುತ್ತಿರಬೇಕು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು 2011ರಲ್ಲಿ ಹವಾಮಾನ ಸಹಿಷ್ಣು ಕೃಷಿಗಾಗಿಯೇ ರಾಷ್ಟ್ರಮಟ್ಟದ ಯೋಜನೆಯೊಂದನ್ನು ಆರಂಭಿಸಿತು. ಉತ್ತರ ಭಾರತದ ಗಂಗಾ ಬಯಲಿನಲ್ಲಿ ಭತ್ತದ ಕೊಯ್ಲಾದ ಮೇಲೆ ಉಳದೆಯೇ ಗೋಧಿ ಬಿತ್ತುವ ಪದ್ಧತಿಯು ಡೀಸೆಲ್ ಮತ್ತು ಸಮಯ ಎರಡನ್ನೂ ಉಳಿಸಿದೆ.

ಬಯಲುಸೀಮೆಗೆ ಇದು ತೀರ ಹೊಸತೂ ಅಲ್ಲ. ಎತ್ತಿನ ಕುಂಟೆಯು ನೆಲದ ಮೇಲ್ಪದರವನ್ನಷ್ಟೇ ಕೆದಕುತ್ತಿತ್ತು. ಕೂರಿಗೆಯು ಬೀಜ ಬೀಳುವ ಸಾಲನ್ನಷ್ಟೇ ತೆರೆಯುತ್ತಿತ್ತು. ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದೆ, ಹರಳು ಇರುತ್ತಿದ್ದವು. ಹಿಂಗಾರಿನಲ್ಲಿ ಹುರುಳಿ ನೆಲವನ್ನು ಹೊದಿಸುತ್ತಿತ್ತು. ಟ್ರ್ಯಾಕ್ಟರಿನ ಕಲ್ಟಿವೇಟರ್, ರೋಟವೇಟರುಗಳು ಬಂದ ಮೇಲೆ ಉಳುಮೆ ಸುಲಭವಾಯಿತು. ಸುಲಭವಾದ್ದರಿಂದಲೇ ಅಗತ್ಯಕ್ಕಿಂತ ಹೆಚ್ಚಾಯಿತು. ಶೇಂಗಾ ಒಂಟಿ ಬೆಳೆಯಾಗಿ ನಿಂತಿತು.

ನಕಲು ಸಲ್ಲದು

ಹಾಗೆಂದು ಗಂಗಾ ಬಯಲಿನ ಪದ್ಧತಿಯನ್ನು ಚಳ್ಳಕೆರೆಯ ಮೇಲೆ ಹೇರುವುದು ವಿವೇಕವಲ್ಲ. ಅಲ್ಲಿ ನೀರಾವರಿ ಇದೆ, ಇಲ್ಲಿ ಮಳೆಯೇ ಆಧಾರ. ಇಲ್ಲಿನ ಕೆಂಪು ಮರಳುಮಿಶ್ರಿತ ಮಣ್ಣು ಮಳೆಯ ಹೊಡೆತಕ್ಕೆ ಮೇಲ್ಭಾಗದಲ್ಲಿ ಹೆಪ್ಪುಗಟ್ಟುತ್ತದೆ. ಮೇಲೆ ಹೊದಿಕೆಯಿಲ್ಲದೆ ಉಳುಮೆಯನ್ನು ಮಾತ್ರ ನಿಲ್ಲಿಸಿದರೆ ನೀರು ಇಂಗುವ ಬದಲು ಇನ್ನಷ್ಟು ಹರಿದು ಹೋಗುವುದು. ಶೇಂಗಾ ಬೆಳೆಯನ್ನು ಕೀಳುವಾಗ ನೆಲವನ್ನು ಕದಡದೆ ಗತ್ಯಂತರವೂ ಇಲ್ಲ. ಹೀಗಾಗಿ ‘ಉಳುಮೆ ಬಿಡಿ’ ಎಂಬ ಉಪದೇಶದ ಯಶಸ್ಸು ‘ಹೊದಿಕೆ ಎಲ್ಲಿಂದ?’ ಎಂಬ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

ಹೊದಿಕೆಯಾಗಬೇಕಾದ ಶೇಂಗಾ ಬಳ್ಳಿ, ಜೋಳದ ಸೊಪ್ಪೆ, ನವಣೆಯ ಹುಲ್ಲು ಇವೆಲ್ಲವೂ ಈ ಸೀಮೆಯಲ್ಲಿ ದನಕುರಿಗಳ ಮೇವು. ಮಳೆ ಕೈಕೊಟ್ಟ ವರ್ಷ ಕಾಯಿ ಕಟ್ಟದಿದ್ದರೂ ಬಳ್ಳಿಯಾದರೂ ಸಿಕ್ಕಿತೆಂಬುದೇ ರೈತನ ಸಮಾಧಾನ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದ 2023ರಂತಹ ವರ್ಷದಲ್ಲಿ ಬಳ್ಳಿಯನ್ನು ಹೊಲದಲ್ಲೇ ಕೊಳೆಯಲು ಬಿಡಿ ಎಂದರೆ ಕೇಳುವವರು ಯಾರು?

ಮೇವಿನ ಈ ಬಿಕ್ಕಟ್ಟಿಗೆ ಮಳೆಯೊಂದೇ ಕಾರಣವಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ತಳಿಯ ದನಗಳಿಗೆಂದು ಕಾಯ್ದಿಟ್ಟ ಕಾವಲುಗಳು ಸುತ್ತಲಿನ ಹಳ್ಳಿಗಳ ದನಕುರಿಗಳಿಗೂ ಆಸರೆಯಾಗಿದ್ದವು. ಇವುಗಳಲ್ಲಿ ವರವು ಕಾವಲಿನ 4,290 ಎಕರೆ ರಕ್ಷಣಾ ಸಂಶೋಧನಾ ಸಂಸ್ಥೆಗೆ, ಉಳ್ಳಾರ್ತಿ ಕಾವಲಿನ 1,810 ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಕುದಾಪುರದ 1,500 ಎಕರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಮತ್ತು 573 ಎಕರೆ ಇಸ್ರೋಗೆ ಹಂಚಿಕೆಯಾಯಿತು. ಈ ನಾಲ್ಕರ ಮೊತ್ತವೇ 8,173 ಎಕರೆ. ಹಂಚಿಕೆಯು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಗಿ 2014ರಲ್ಲಿ ತೀರ್ಪು ಬಂದಿತು. ವರವು ಕಾವಲಿನ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ಇಸ್ರೋದ ಮರುಬಳಕೆಯ ಉಡಾವಣಾ ವಾಹನ 2023ರ ಏಪ್ರಿಲ್ 2ರಂದು ಇಳಿದದ್ದೂ ಅಲ್ಲಿಯೇ. ರಾಷ್ಟ್ರದ ಹೆಮ್ಮೆಗೆ ಕಾರಣವಾದ ಈ ಸಾಧನೆಗಳ ಬಗ್ಗೆ ಎರಡು ಮಾತಿಲ್ಲ. ಆದರೆ ಕಾವಲಿನಲ್ಲಿ ಮೇಯುತ್ತಿದ್ದ ಬಾಯಿಗಳು ಈಗ ಹೊಲದ ಉಳಿಕೆಯತ್ತ ತಿರುಗಿವೆ ಎಂಬುದನ್ನು ಮರೆತು ಹೊದಿಕೆಯ ಬೇಸಾಯವನ್ನು ಬೋಧಿಸುವುದು ಅರ್ಧ ಲೆಕ್ಕವಾಗುತ್ತದೆ.

ಹದಿನಾಲ್ಕು ಕಿಲೋ ಶೇಂಗಾದ ಪ್ರಶ್ನೆ

ಸಣ್ಣ ರೈತನ ಹಿಂಜರಿಕೆಯನ್ನು ಅಜ್ಞಾನವೆಂದು ಕರೆಯುವ ಚಾಳಿ ನಮ್ಮ ಕಾರ್ಯಾಗಾರಗಳಲ್ಲಿದೆ. ಲೆಕ್ಕ ಹಾಕಿ ನೋಡಿದರೆ ಅದು ವ್ಯವಹಾರ ಜ್ಞಾನವೇ ಸರಿ. ಒಂದು ಸಾಲು ಉಳುಮೆ ಬಿಟ್ಟದ್ದರಿಂದ ಎಕರೆಗೆ 1,000 ರೂಪಾಯಿ ಉಳಿಯಿತೆಂದು ಭಾವಿಸೋಣ. 2025–26ನೇ ಸಾಲಿಗೆ ಶೇಂಗಾದ ಕನಿಷ್ಠ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂಪಾಯಿ. ಆ ದರದಲ್ಲಿ ಎಕರೆಗೆ ಸುಮಾರು 14 ಕಿಲೋ ಇಳುವರಿ ತಗ್ಗಿದರೆ ಆ ಉಳಿತಾಯವೆಲ್ಲ ತೊಡೆದು ಹೋಯಿತು. ಕಳೆ ಹೆಚ್ಚಿ ಕೂಲಿ ಏರಿದರೆ ನಷ್ಟವೇ. ಮಣ್ಣು ಸುಧಾರಿಸಿ ಲಾಭ ಕಾಣಲು ಕೆಲವು ವರ್ಷಗಳು ಬೇಕು. ಕೈಸಾಲವಾದರೋ ಸುಗ್ಗಿಗೇ ತೀರಬೇಕು.

ವಿಮೆಯೂ ಇಲ್ಲಿ ನೆರವಿಗೆ ಬಾರದು. 2016ರ ಮುಂಗಾರಿನಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟವನ್ನು ಒಟ್ಟು ಪ್ರದೇಶದ ಸರಾಸರಿಯ ಮೇಲೆ ಅಳೆಯಲಾಗುತ್ತದೆ. ಊರಿನವರೆಲ್ಲ ಚೆನ್ನಾಗಿ ಬೆಳೆದು, ಹೊಸ ಪದ್ಧತಿಗೆ ಕೈಹಾಕಿದವನೊಬ್ಬನ ಇಳುವರಿ ಮಾತ್ರ ಕುಸಿದರೆ ಅವನಿಗೆ ಪರಿಹಾರವಿಲ್ಲ. 2015–16ರ ಕೃಷಿ ಗಣತಿಯಂತೆ ದೇಶದ ಹಿಡುವಳಿಗಳಲ್ಲಿ ಶೇ. 86ರಷ್ಟು ಎರಡು ಹೆಕ್ಟೇರಿಗಿಂತ ಚಿಕ್ಕವು. ಇಷ್ಟು ಚಿಕ್ಕ ಬಂಡವಾಳದವರು ಪ್ರಯೋಗದ ಪೂರ್ಣ ಹೊಣೆಯನ್ನು ತಾವೇ ಹೊರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಪ್ರಯೋಗದ ಫಲ ಗಿರಣಿಗೂ, ಬ್ಯಾಂಕಿಗೂ, ಕೆರೆಗೂ ಸಲ್ಲುವುದಾದರೆ ಅದರ ನಷ್ಟವೂ ಹಂಚಿಕೆಯಾಗಬೇಕು.

ಸಾಧ್ಯವಿರುವ ಹಾದಿ

ಈ ಸೀಮೆಗೆ ಬೇಕಾಗಿರುವುದು ಶೂನ್ಯ ಉಳುಮೆಯಲ್ಲ, ಮಿತ ಉಳುಮೆ. ಇಳಿಜಾರಿಗೆ ಅಡ್ಡಲಾಗಿ ಬಿತ್ತುವುದು, ಕೆಲವು ಸಾಲುಗಳಿಗೊಂದರಂತೆ ನೀರು ನಿಲ್ಲುವ ಆಳದ ಸಾಲು ತೆಗೆಯುವುದು, ರೋಟವೇಟರಿನ ಬದಲು ಕುಂಟೆಯನ್ನೇ ನೆಚ್ಚುವುದು, ಶೇಂಗಾದೊಡನೆ ತೊಗರಿ ಹಾಕುವುದು, ಹಿಂಗಾರಿನ ಹದಕ್ಕೆ ಹುರುಳಿ ಚೆಲ್ಲುವುದು, ಬದುಗಳಲ್ಲಿ ಮೇವಿನ ಹುಲ್ಲು ಮತ್ತು ಮರಗಳನ್ನು ಬೆಳೆಸುವುದು—ಇವು ಮೇವನ್ನು ಕಸಿಯದೆ ನೆಲವನ್ನು ಮುಚ್ಚುವ ಕ್ರಮಗಳು. ಗಡಿಯಾಚೆಯ ಅನಂತಪುರವೂ ಶೇಂಗಾ ಒಂಟಿ ಬೆಳೆಯ ಕಷ್ಟವನ್ನೇ ಉಂಡ ನೆಲ. ಆಂಧ್ರ ಸರ್ಕಾರವು 2016ರಿಂದ ನಡೆಸುತ್ತಿರುವ ನೈಸರ್ಗಿಕ ಕೃಷಿ ಕಾರ್ಯಕ್ರಮದಲ್ಲಿ ಮುಂಗಾರಿಗೆ ಮೊದಲೇ ಹಲವು ಧಾನ್ಯಗಳನ್ನು ಒಣನೆಲಕ್ಕೆ ಬಿತ್ತಿ ಹೊದಿಕೆ ಪಡೆಯುವ ಕ್ರಮವಿದೆ. ಭಾಷೆ ಬೇರೆಯಾದರೂ ಮಣ್ಣು, ಮಳೆ ಒಂದೇ ಬಗೆಯವಾದ್ದರಿಂದ ಅಲ್ಲಿನ ಅನುಭವ ಇಲ್ಲಿಗೆ ಹೆಚ್ಚು ಹತ್ತಿರ.

ವರ್ತಕ ಸಮುದಾಯದ ಪಾತ್ರ

ಈ ನಿಟ್ಟಿನಲ್ಲಿ ನಾಲ್ಕು ಸಲಹೆಗಳು ಪರಿಶೀಲನೆಗೆ ಅರ್ಹವಾಗಿವೆ.

1. ಖಾತರಿ ನಿಧಿ: ಗಿರಣಿ ಮಾಲೀಕರು ಮತ್ತು ಮಾರುಕಟ್ಟೆಯ ವರ್ತಕರು ಸೇರಿ ಒಂದು ನಿಧಿ ಸ್ಥಾಪಿಸಲಿ. ಒಬ್ಬ ರೈತ ಒಂದು ಎಕರೆಯಲ್ಲಿ ಮಾತ್ರ ಮಿತ ಉಳುಮೆ ಮಾಡಲಿ. ಪಕ್ಕದ ತನ್ನದೇ ಹೊಲಕ್ಕಿಂತ ಇಳುವರಿ ತಗ್ಗಿದರೆ ವ್ಯತ್ಯಾಸವನ್ನು ನಿಧಿ ತುಂಬಿಕೊಡಲಿ. ನೂರು ರೈತರಿಗೂ ಎಕರೆಗೆ 50 ಕಿಲೋ ನಷ್ಟವಾಯಿತೆಂದರೂ ಬೆಂಬಲ ಬೆಲೆಯಲ್ಲಿ ಒಟ್ಟು ಹೊಣೆ 3.63 ಲಕ್ಷ ರೂಪಾಯಿ. ಒಂದು ಮಾರುಕಟ್ಟೆ ಕೇಂದ್ರಕ್ಕೆ ಇದು ಹೊರಲಾರದ ಹೊರೆಯಲ್ಲ.

2. ಮೇವಿನ ಹೊಂದಾಣಿಕೆ: ಶೇಂಗಾ ಕಾಯಿಯ ತೂಕದಲ್ಲಿ ಕಾಲು ಭಾಗಕ್ಕೂ ಮಿಗಿಲು ಸಿಪ್ಪೆ. ಅದೀಗ ಬಹುಪಾಲು ಉರುವಲಾಗುತ್ತಿದೆ. ಅದರಲ್ಲೊಂದು ಪಾಲು ಕೊಟ್ಟಿಗೆಯ ಹಾಸಾಗಿ, ಗೊಬ್ಬರವಾಗಿ ಹೊಲಕ್ಕೆ ಮರಳಲಿ. ಬೆಳೆಯ ಉಳಿಕೆಯಲ್ಲಿ ಒಂದಂಶವನ್ನು ನೆಲಕ್ಕೆ ಬಿಡುವ ರೈತರಿಗೆ ಹಿಂಡಿಯನ್ನು ಸುಗ್ಗಿಯವರೆಗಿನ ಉದ್ದರಿಯಲ್ಲಿ ಕೊಡಲಿ. ಹಿಂಡಿಯು ಒಣಮೇವಿಗೆ ಬದಲಿಯಲ್ಲ, ನಿಜ. ಆದರೆ ಬದುವಿನ ಹುಲ್ಲಿನೊಡನೆ ಅದು ಕೊರತೆಯನ್ನು ತಗ್ಗಿಸುವುದು.

3. ಸಾಮಾಜಿಕ ಹೊಣೆಗಾರಿಕೆಯ ಹಣ: 2013ರ ಕಂಪನಿ ಕಾಯ್ದೆಯ ಏಳನೆಯ ಅನುಸೂಚಿಯಲ್ಲಿ ಮಣ್ಣಿನ ಗುಣಮಟ್ಟ ಕಾಪಾಡುವುದೂ ಸೇರಿದೆ. ಜಿಲ್ಲೆಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವ ಕಂಪನಿಗಳ ಪೈಕಿ ಈ ಕಾಯ್ದೆಯ ವ್ಯಾಪ್ತಿಗೆ ಬರುವಂಥವು ಖಾತರಿ ನಿಧಿಯಂತಹ ಕಾರ್ಯಕ್ರಮಗಳತ್ತ ಗಮನ ಹರಿಸಲಿ.

4. ಯಂತ್ರ ಮತ್ತು ಲೆಕ್ಕ: ರಾಜ್ಯದಲ್ಲಿ 2014–15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯಂತಹ ಬಾಡಿಗೆ ಕೇಂದ್ರಗಳಲ್ಲಿ ರೋಟವೇಟರಿನಷ್ಟೇ ಸುಲಭವಾಗಿ ಬಿತ್ತನೆ ಕೂರಿಗೆಗಳೂ ದೊರೆಯಬೇಕು. ಪ್ರಯೋಗದ ಹೊಲಗಳ ಖರ್ಚು, ಇಳುವರಿ, ಮೇವಿನ ಲೆಕ್ಕವನ್ನು ಸ್ಥಳೀಯ ವಾಣಿಜ್ಯ ಕಾಲೇಜುಗಳ ವಿದ್ಯಾರ್ಥಿಗಳು ಬರೆದಿಡಲಿ. ಮೂರು ವರ್ಷಗಳ ಶುದ್ಧ ಲೆಕ್ಕವೊಂದು ಕೈಯಲ್ಲಿದ್ದರೆ ಬ್ಯಾಂಕುಗಳೊಡನೆ ಸಾಲದ ಮಿತಿಯ ಬಗ್ಗೆ, ವಿಮಾ ಸಂಸ್ಥೆಗಳೊಡನೆ ನಿಯಮದ ಬಗ್ಗೆ ಮಾತನಾಡಲು ಬಲ ಬರುತ್ತದೆ.

ಖಾದ್ಯ ತೈಲದಲ್ಲಿ ಸ್ವಾವಲಂಬನೆಗಾಗಿ ಕೇಂದ್ರ ಸರ್ಕಾರವು 2024ರ ಅಕ್ಟೋಬರಿನಲ್ಲಿ 10,103 ಕೋಟಿ ರೂಪಾಯಿಗಳ ಎಣ್ಣೆಕಾಳು ಅಭಿಯಾನಕ್ಕೆ ಒಪ್ಪಿಗೆ ನೀಡಿದೆ. ಭದ್ರಾ ಮೇಲ್ದಂಡೆ ಯೋಜನೆಯ ಮೇಲೂ ಜಿಲ್ಲೆಯ ಜನರ ನಿರೀಕ್ಷೆ ಅಪಾರ. ಬೀಜಕ್ಕೆ, ನೀರಿಗೆ ಎಷ್ಟೇ ಹಣ ಸುರಿದರೂ ಅದನ್ನು ಹಿಡಿದಿಡುವ ಮಣ್ಣು ಉಳಿಯದಿದ್ದರೆ ಆ ಹೂಡಿಕೆ ಸೋರುವ ಗಡಿಗೆಗೆ ತುಂಬಿದ ನೀರಾಗುತ್ತದೆ. ಪ್ರತಿ ವರ್ಷ ಮಾರ್ಚ್ ಕೊನೆಯಲ್ಲಿ ಯಂತ್ರಗಳ ಸವಕಳಿಯನ್ನು ತಪ್ಪದೆ ಬರೆಯುವ ಗಿರಣಿಗಳು, ತಮಗೆ ಕಾಯಿ ಒದಗಿಸುವ ಹೊಲಗಳ ಸವಕಳಿಗೂ ಒಂದು ಸಾಲು ಮೀಸಲಿಡುವ ಕಾಲ ಬಂದಿದೆ. ಖಾತರಿ ನಿಧಿಯ ಮೊದಲ ನೂರು ಎಕರೆಗಳನ್ನು ಬರುವ ಮುಂಗಾರಿಗೆ ಮುಂಚೆಯೇ ಗುರುತಿಸುವುದು ಅದಕ್ಕೆ ತಕ್ಕ ಆರಂಭವಾದೀತು.